ಪಾದ್ರಿ ಬಂದ್ರು

...ನಗಿ ಅಲ್ಬೆರ್ತಿನಮ್ಮ, ನಗಿ. ಹೆಂಗಸನ್ನೂ ಪಾದ್ರಿ ಅಂತಾರಾ ಅಂತ ತಾನೆ? ಅಂತಾರೆ. ನಮ್ಮ ಕೆನಡಾ ಸೈನ್ಯದಲ್ಲಿ ಗಂಡಾಗ್ಲಿ ಹೆಣ್ಣಾಗ್ಲಿ, ದೇವರ ಕೆಲಸಕ್ಕೆ ಬಂದೋರೆಲ್ಲ ಪಾದ್ರಿನೇ. ಮೊದಮೊದಲು ಹುಡುಗರು ಬೇಕಂತಲೇ ಎಳೆದು ಕರೀತಿದ್ರು, ಪಾ...ದ್ರಿ... ಅಂತ. ಒಬ್ಬ ಮೇಜರಂತೂ ನಾನು ಪ್ರಾರ್ಥನೆ ಶುರು ಮಾಡಿದ್ರೆ ಎದ್ದು ಹೋಗೋನು. ಹನ್ನೊಂದು ವರ್ಷ ಅಮ್ಮ! ದನಿ ತಗ್ಗಿಸ್ಲಿಲ್ಲ ನಾನು. ಹೆಣ್ಣಿನ ದನೀಲೇ ಕೇಳಿ, ಇಲ್ಲಾ ಎದ್ದು ಹೋಗಿ ಅಂದೆ.

ನಿಮ್ಮ ಮಗ ರೆಜಾನ್ ಮಾತ್ರ ಮರ್ಯಾದೆಯಿಂದ ಹೇಳಿದ್ದ, "ಬೇಜಾರು ಮಾಡ್ಕೋಬೇಡಿ, ನಾವು ಕ್ಯಾಥೊಲಿಕ್ಕರು, ಪಾಪ ಹೇಳ್ಕೊಳ್ಳೋದು ನಮ್ಮ ಫಾದರ್ ಹತ್ರಾನೇ" ಅಂತ. ಬೇಜಾರೇನಿಲ್ಲ ಕಣೋ ಅಂದೆ. ಸುಳ್ಳು. ಆಗಿತ್ತು.

ಬೇಡಮ್ಮ, ಟೀ ಸಾಕು.

ಹೌದು, ಅವನು ತೀರ್ಕೊಂಡಿದ್ದು ಕಂದಹಾರಿನ ಆಸ್ಪತ್ರೇಲೇ. ಬಾಂಬ್ ಸಿಡಿದು ಕಣ್ಣಿಗೆಲ್ಲ ಬ್ಯಾಂಡೇಜು. ಫಾದರ್ ಬೇಕು, ಫಾದರ್ ಬೇಕು ಅಂತ ಒಂದೇ ಸಮ ಕೇಳ್ತಿದ್ದ. ಅವರಿದ್ದಿದ್ದು ಬೇರೆ ಶಿಬಿರದಲ್ಲಿ. ಆ ಧೂಳಿನ ಬಿರುಗಾಳೀಲಿ ಹೆಲಿಕಾಪ್ಟರ್ ಏಳಲಿಲ್ಲ... ಆಮೇಲೆ... ನರ್ಸ್ ಅವನ ಕಿವೀಲಿ "ಪಾದ್ರಿ ಬಂದ್ರು" ಅಂದ್ಳು. ಪಾಪ ಹೇಳ್ಕೊಂಡ, ಕ್ಷಮೆ ಸಿಕ್ತು, ಕಣ್ಣು ಮುಚ್ಚಿದ. ನಾನೇ ಪತ್ರದಲ್ಲಿ ಬರ್ದಿದ್ದೆನಲ್ಲ. ಅಷ್ಟೇ.

ಹೆಸರಾ? ಯಾಕಮ್ಮ... ಓ, ಭಾನುವಾರದ ಪೂಜೇಲಿ ಆ ಫಾದರಿಗೂ ಪ್ರಾರ್ಥನೆ ಹೇಳಿಸ್ತೀರಾ? ಚೀಟಿ ಈಗ್ಲೇ ಬರೀಬೇಕಾ? ಹೆಸರು... ಮರೆತೇ ಹೋಯ್ತು ನೋಡಿ. ಎಷ್ಟೋ ಜನ ಬಂದು ಹೋಗೋರು. ಆ ಇನ್ನೊಂದು ಶಿಬಿರದವರು... ಹೆಲಿಕಾಪ್ಟರಲ್ಲಿ...

ಹೂಂ. ಏಳಲಿಲ್ಲ ಅಂದೆ ಅಲ್ವಾ.

ಪೆನ್ನು ಯಾಕೆ ಕೆಳಗಿಟ್ರಿ?

ಹಾಗೆ ನನ್ನ ಬಾಯಿ ನೋಡ್ಬೇಡಿ ಅಮ್ಮ. "ಫಾದರ್, ನೀವಾ?" ಅಂತ ರೆಜಾನ್ ಕೈ ಚಾಚಿದ. ಅಲ್ಲಪ್ಪಾ ಅನ್ನಬೇಕಿತ್ತು. ಗಂಡಸಿನ ಹಾಗೆ ದನಿ ತಗ್ಗಿಸಿ, ಗಡಸು ಮಾಡ್ಕೊಂಡು "ಹೂಂ, ಹೇಳು ಮಗನೇ" ಅಂದೆ. ನಾನು... ಯಾರಿಗೂ ತಗ್ಗಿಸದೇ ಇದ್ದ ದನಿ. ನಾನು ಕೊಟ್ಟ ಕ್ಷಮೆ ನಿಮ್ಮ ಚರ್ಚಲ್ಲಿ ನಡೆಯಲ್ಲ, ಗೊತ್ತು. ಗೊತ್ತಿದ್ದೇ ಕೊಟ್ಟೆ.

ಏನಾದ್ರೂ ಅನ್ನಿ. ಬೈಯಿರಿ, ಪರವಾಗಿಲ್ಲ.

ಕೊನೆಗೆ "ಥ್ಯಾಂಕ್ಸ್ ಫಾದರ್" ಅಂದ. ನಾನು ಸುಮ್ಮನಿದ್ದೆ ಅಮ್ಮ. ಈಗ ನೀವು ಕೂತಿದ್ದೀರಲ್ಲ, ಹಾಗೇ.