ನೀಲಿ ಕಿಡಿ

ಇಡು. ಆ ಸ್ಕ್ರೂಡ್ರೈವರ್ ಮೊದಲು ಕೆಳಗಿಡು.

ಏನು, ಬೆಚ್ಚಿಬಿದ್ಯಾ? ಭಾವ ಊಟ ಮುಗಿಸಿ, ಒಂದು ನಿದ್ದೆ ತೆಗೆದೇ ಗ್ಯಾರೇಜಿಗೆ ಬರೋದು ಅಂತ ಲೆಕ್ಕ ಹಾಕಿದ್ದೆ, ಅಲ್ವಾ? ಬಂದೆ ನೋಡು! ನಿನ್ನಕ್ಕ ತಟ್ಟೆ ಹಾಕೋಕೆ ಮುಂಚೆನೇ ಚಪ್ಪಲಿ ಮೆಟ್ಕೊಂಡು ಬಂದೆ. ಎಲ್ಲಿಗೆ ಎಲ್ಲಿಗೆ ಅಂತ ಬಾಗಿಲ ತನಕ ಬಂದ್ಲು ಪಾಪ.

ಅಲ್ಲಾ, ಇದು ನರ್ಸಮ್ಮನ ಗಾಡಿ ತಾನೇ? ಬೆಳಗ್ಗೆ ನಾನೇ, ಇದೇ ಎರಡು ಕೈಯಲ್ಲಿ, ಕಾರ್ಬೊರೇಟರ್ ಬಿಚ್ಚಿ, ತೊಳೆದು, ಕಟ್ಟಿ, ಮುಗೀತು ಅಂತ ಗೋಡೆ ಪಕ್ಕ ನಿಲ್ಸಿ ಹೋದ ಗಾಡಿ! ಅದರ ಕಾರ್ಬೊರೇಟರ್ ನಿನ್ನ ತೊಡೆ ಮೇಲೆ ಯಾಕೆ ಕೂತಿದೆ? ಹೇಳು!

 

ಎದುರುಗಡೆ ಟೀ ಅಂಗಡಿಯವನು ಹೇಳಿದಾಗ ನಾನು ನಂಬ್ಲಿಲ್ಲ ಕಣೋ. ‘ಅಣ್ಣಾ, ನೀವು ಆ ಕಡೆ ಊಟಕ್ಕೆ ಹೋದ್ರೆ ಸಾಕು, ಈ ಕಡೆ ನಿಮ್ಮ ಭಾಮೈದ ನೀವು ಕಟ್ಟಿದ್ದನ್ನೆಲ್ಲ ಬಿಚ್ಚಿ ಕೂರ್ತಾನೆ’ ಅಂದ. ಅವನಿಗೇ ಬೈದೆ! ನನ್ನ ಭಾಮೈದ ಅಂಥವನಲ್ಲ, ನೀನು ನಿನ್ನ ಟೀ ನೋಡ್ಕೋ, ದಿನೇ ದಿನೇ ನೀರಾಗ್ತಿದೆ ಅಂದೆ... ಏಯ್, ಏನು ನಗ್ತೀಯ? ನಗ್ತಿಲ್ವಾ? ಏನೋ, ನಕ್ಕಂಗೆ ಕಾಣ್ತು. ನಗ್ಬೇಡ. ನಗೋ ಹೊತ್ತಲ್ಲ ಇದು.

ನನ್ನ ಮದುವೆ ಆದಾಗ ನೀನು ಹೇಗಿದ್ದೆ, ನೆನಪಿದ್ಯಾ? ಸೈಕಲ್ ಚೈನು ಬಿದ್ರೆ ಹಾಕೋಕೆ ಬರ್ತಿರ್ಲಿಲ್ಲ, ಮನೆ ತನಕ ತಳ್ಕೊಂಡು ಬರ್ತಿದ್ದೆ! ಕೈ ಹಿಡಿದು ಕಲಿಸಿದ್ದು ಯಾರು? ಆ ಬೋರ್ಡಿನ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ ನಿನ್ನ ಹೆಸರು ಬರೆಸಿದ್ದು ಯಾರು? ಕೆಳಗಲ್ಲ ಕಣೋ, ಪಕ್ಕದಲ್ಲಿ! ಬರೆಯೋನು ಜಾಗ ಸಾಲಲ್ಲ ಅಂದ. ನನ್ನ ಹೆಸರು ಚಿಕ್ಕದು ಮಾಡು ಅಂದೆ... ಅಂಥ ಭಾವನಿಗೆ ನೀನು ಬೆನ್ನಿಗೆ ಚೂರಿ ಹಾಕ್ತೀಯ.

ಹೂಂ, ಚೂರಿನೇ. ಸ್ಕ್ರೂಡ್ರೈವರಲ್ಲ ಅದು.

ಮೊನ್ನೆ ಆ ಲಾರಿ ಆಫೀಸಿನ ಗುಮಾಸ್ತ ಬಂದ. ನಾನು ಇಲ್ಲೇ ನಿಂತಿದ್ದೀನಿ, ಬೀರು ಥರ ಮನುಷ್ಯ! ನನ್ನ ದಾಟಿ ಒಳಗೆ ಇಣುಕಿ ‘ಅವರಿಲ್ವಾ?’ ಅಂತಾನೆ. ಯಾರಪ್ಪ ಅವರು? ನೀನು! ಆಗ್ಲೇ ನಂಗೆ ಅನುಮಾನ ಬಂತು. ಈಗ ಎಲ್ಲ ಬಿಡಿಸಿಟ್ಟಂಗೆ ಗೊತ್ತಾಗ್ತಿದೆ. ನಾನು ಕಟ್ಟಿದ ಗಾಡಿ ಬಿಚ್ಚೋದು, ಎಲ್ಲೋ ಒಂದು ಸ್ಕ್ರೂ ಸಡಿಲ ಮಾಡಿಡೋದು. ಗಾಡಿ ದಾರೀಲಿ ನಿಲ್ಲುತ್ತೆ. ಅವರು ಬೈಕೊಂಡು ತಳ್ಕೊಂಡು ಬರ್ತಾರೆ. ಆಗ ನೀನು ಮೆಲ್ಲಗೆ, ಬೆಣ್ಣೆ ಥರ, ‘ಕೊಡಿ, ನಾನು ನೋಡ್ತೀನಿ’ ಅನ್ನೋದು. ಹಾಗೆ ತಾನೇ? ತಲೆ ಅಲ್ಲಾಡಿಸ್ಬೇಡ, ಬಾಯಿ ಬಿಟ್ಟು ಹೇಳು! ಇಲ್ಲ ಅಂತಾದ್ರೂ ಹೇಳು!

ನರ್ಸಮ್ಮ ಇನ್ನೇನು ಬರ್ತಾರೆ. ಹೆರಿಗೆ ಮಾಡಿಸೋಕೆ ಓಡಾಡೋರು ಕಣೋ ಅವರು. ಚೋಕ್ ಎಳೆದ್ರೆ ಸ್ಟಾರ್ಟ್ ಆಗುತ್ತೆ, ಚೋಕ್ ಬಿಟ್ರೆ ಪಟಪಟ ಅಂದು ಆಫ್ ಆಗುತ್ತೆ ಅಂದ್ರು. ಕೇಳಿದ ತಕ್ಷಣ ನಂಗೆ ಗೊತ್ತಾಯ್ತು, ಪೆಟ್ರೋಲ್ ಹೋಗೋ ಸಣ್ಣ ಜೆಟ್ಟಲ್ಲಿ ಕಸ. ಬಿಚ್ಚಿದೆ, ಪೆಟ್ರೋಲಲ್ಲಿ ತೊಳೆದೆ, ಊದಿದೆ, ಹಾಕಿದೆ. ಅದರಲ್ಲಿ ತಪ್ಪು ಹುಡುಕೋಕೆ ಕೂತಿದ್ದೀಯಲ್ಲ ನೀನು!

ಏನು ತೋರಿಸ್ತೀಯ? ಬಟ್ಟೆ. ಬಟ್ಟೆಲೇನಿದೆ? ಬಟ್ಟೆಲಿ ಬಟ್ಟೆ ಇದೆ! ಏನೂ ಇಲ್ಲ ಅದರಲ್ಲಿ, ತೆಗಿ ಅತ್ಲಾಗೆ.

ಜೆಟ್ಟೆಲ್ಲಿ? ಕೊಡು ಇಲ್ಲಿ. ...ಎಲ್ಲಿ? ಇಲ್ಲಾ? ಈ ಕಡೆನಾ? ...ಹಾಂ, ಸಿಕ್ತು, ಬೆರಳು ತೋರಿಸೋದು ಬೇಕಿಲ್ಲ. ಇದಕ್ಕೆ ಸೂಜಿ ಹಾಕಿಲ್ಲ ತಾನೇ ನೀನು? ಕೂದಲೆಳೆಯಷ್ಟು ತೂತು, ಸೂಜಿ ಹಾಕಿದ್ರೆ ಹಿಗ್ಗುತ್ತೆ, ಹಿಗ್ಗಿದ್ರೆ ಮುಗೀತು ಕಥೆ. ಬರೀ ಗಾಳಿ. ಫೂ... ಕೇಳಿಸ್ತಾ? ಸಲೀಸಾಗಿ ಹೋಗ್ತಿದೆ! ಇದು ನನ್ನ ಕೈ ಕೆಲಸ! ...ಯಾಕೆ ಉಸಿರು ಬಿಡ್ತೀಯ?

ಸರಿ. ಇವತ್ತು ತೀರ್ಮಾನ ಆಗಿಬಿಡ್ಲಿ. ಏಳು. ಮೊದಲಿಂದ ನೋಡೋಣ. ಮೊದಲು ಕರೆಂಟು, ಆಮೇಲೆ ಪೆಟ್ರೋಲು. ನಾನೇ ಕಲಿಸಿದ್ದು, ಮರೆತಿಲ್ಲ ತಾನೇ? ನನ್ನ ಕೆಲಸದಲ್ಲಿ ಒಂದು ಕೊರೆ ತೋರಿಸು, ಗ್ಯಾರೇಜ್ ನಿಂಗೆ ಬಿಟ್ಟು ಮನೇಲಿ ಕೂರ್ತೀನಿ. ತೋರಿಸೋಕಾಗ್ಲಿಲ್ವಾ, ನಿನ್ನ ಪೆಟ್ಟಿಗೆ ಎತ್ಕೊಂಡು ಹೊರಡು. ಬೋರ್ಡಿನ ಮೇಲಿಂದ ನಿನ್ನ ಹೆಸರು ನಾನೇ ಕೆರೆದು ತೆಗೀತೀನಿ. ನಿನ್ನಕ್ಕ ಅಳ್ತಾಳೆ... ಅತ್ತರೆ ಅಳ್ಲಿ.

ಪ್ಲಗ್ಗು ಬಿಚ್ಚಿ ಕೊಡು. ಹಾಂ. ಕ್ಯಾಪಿಗೆ ಸಿಕ್ಕಿಸಿದೆ, ನೋಡ್ಕೋ. ಇಂಜಿನ್ನಿಗೆ ತಾಗಿಸಿ ಹಿಡಿದಿದ್ದೀನಿ. ಇಲ್ಲಿ ನೆರಳಿದೆ, ಚೆನ್ನಾಗಿ ಕಾಣುತ್ತೆ. ಒದಿ ಕಿಕ್ಕರ್.

ಏನು ಯೋಚನೆ ಮಾಡ್ತಾ ನಿಂತೆ? ಒದಿಯೋ!

ಹಾಂ! ನೋಡಿದ್ಯಾ? ಕಿಡಿ! ಇನ್ನೊಂದ್ಸಲ ಒದಿ... ಆಹಾ! ನೀಲಿ! ಒಳ್ಳೆ ನೀಲಿ ಕಿಡಿ! ಹಳದಿ ಇಲ್ಲ, ಕೆಂಪಿಲ್ಲ, ಅಪ್ಪಟ ನೀಲಿ! ಪ್ಲಗ್ಗಿನ ಸಂದು ನಾನೇ ಬೆಳಗ್ಗೆ ಸರಿ ಮಾಡಿದ್ದು. ಇಂಥ ಕಿಡಿ ಇರೋ ಗಾಡಿ ದಾರೀಲಿ ನಿಲ್ಲುತ್ತಾ? ಹೇಳು ಈಗ! ನೀಲಿ ಹೌದೋ ಅಲ್ವೋ?

...ಹೇಳೋ.

ಹೌದು ಅನ್ನೋಕೆ ಅಷ್ಟು ಕಷ್ಟನಾ? ಯಾಕೆ ಹಾಗೆ ನಿಂತೆ? ಕೈ ಯಾಕೆ ಚಾಚ್ತೀಯ, ಏನದು? ...ಕೊಡು. ನಿನ್ನ ಬೆವರಲ್ಲಿ ಒದ್ದೆ ಆಗಿದೆ... ಇದು... ಕೀ.

ನರ್ಸಮ್ಮನ ಗಾಡಿ ಕೀ.

ಒದೀವಾಗ ಇದು ಗಾಡೀಲಿರ್ಲಿಲ್ವಾ? ...ನಿನ್ನ ಕೈಯಲ್ಲೇ ಇತ್ತಾ? ಕೀ ಇಲ್ಲದೆ ಕರೆಂಟು ಹೇಗೆ... ಕರೆಂಟಿಲ್ಲದೆ...

ಇರು. ಇರು ಇರು. ಹಾಗಲ್ಲ. ಹೊರಗಡೆ ಬಿಸಿಲು ಕಣೋ, ಬಿಸಿಲಲ್ಲಿ ನಡೆದು ಬಂದೆ ತಾನೇ, ಕಣ್ಣು ಇನ್ನೂ... ಒಂಚೂರು ಮಬ್ಬು. ಆಗುತ್ತೆ, ಯಾರಿಗಾದ್ರೂ ಆಗುತ್ತೆ! ನಿಂಗಾಗಲ್ವಾ?

ಬೈಯೋ. ‘ಭಾವ, ಇಲ್ಲದ ಕಿಡಿ ಕಂಡ್ರಾ’ ಅಂತ ಬೈಯೋ! ಸುಮ್ಮನೆ ನಿಂತ್ಕೋಬೇಡ, ನಿಂಗೆ ಕೈ ಮುಗೀತೀನಿ.

...ಯಾವಾಗಿಂದ ಗೊತ್ತು ನಿಂಗೆ?

ಹಾಗಾದ್ರೆ ದಿನಾ ಬಿಚ್ತಿದ್ದಿದ್ದು... ಸಡಿಲ ಮಾಡೋಕಲ್ಲ. ನಾನು ಬಿಟ್ಟಿದ್ದ ಕಸ ತೆಗೆಯೋಕೆ. ಆ ಬಟ್ಟೆಲಿ... ಹೂಂ. ಬಿಡು, ಹೇಳ್ಬೇಡ. ನಾನು ಗಾಡಿ ಗೋಡೆ ಪಕ್ಕ ನಿಲ್ಸಿ, ಎದೆ ಉಬ್ಬಿಸ್ಕೊಂಡು ಊಟಕ್ಕೆ ಹೋಗ್ತಿದ್ದೆ. ನೀನು ಹಿಂದಿನಿಂದ ನೋಡ್ತಿದ್ದೆ. ಪಾಪ ಅನಿಸ್ತಿತ್ತಾ ನಿಂಗೆ? ಪಾಪ ಅನಿಸ್ತಿತ್ತು, ಅಲ್ವಾ? ಅಯ್ಯೋ... ಇದಕ್ಕಿಂತ ನೀನು ಸ್ಕ್ರೂ ಸಡಿಲ ಮಾಡಿದ್ರೇ ವಾಸಿ ಇತ್ತು ಕಣೋ! ಮೋಸಗಾರ ಅಂತ ನಿನ್ನ ಓಡಿಸಿ, ನಾನು ಇಲ್ಲೇ ಮೆಕ್ಯಾನಿಕ್ ಆಗಿ ಇರಬಹುದಿತ್ತು.

ತಗೋ, ಕೀ ಹಿಡಿ. ಕಾರ್ಬೊರೇಟರ್ ಕಟ್ಟು, ನರ್ಸಮ್ಮ ಬರೋ ಹೊತ್ತಾಯ್ತು. ನಾನು ಏನೂ ಮುಟ್ಟಲ್ಲ, ಇಲ್ಲಿ ಕೂತಿರ್ತೀನಿ.

ಒಂದೇ ಒಂದು ಮಾತು. ನಿನ್ನಕ್ಕನಿಗೆ ಮಾತ್ರ ಹೇಳ್ಬೇಡ. ಅವಳ ಮುಂದೆ ಇಷ್ಟು ದಿನ ಹೇಗೋ ಸಂಭಾಳಿಸ್ಕೊಂಡು ಬಂದಿದ್ದೀನಿ. ಗೋಡೆ ಹಿಡ್ಕೊಳ್ಳದೆ ಓಡಾಡ್ತೀನಿ, ಪೇಪರ್ ಬಿಡಿಸ್ಕೊಂಡು ಕೂರ್ತೀನಿ, ಪುಟ ತಿರುಗಿಸ್ತೀನಿ. ಅವಳಿಗೆ ಒಂಚೂರೂ ಅನುಮಾನ ಇಲ್ಲ. ಹೇಳಲ್ಲ ತಾನೇ? ಆಣೆ ಮಾಡು.

...ಮಾಡೋ.

ಯಾಕೋ ಆ ಕಡೆ ತಿರುಗ್ದೆ?

...ಅವಳೇ ಹೇಳಿದ್ಲಾ ನಿಂಗೆ?