ಕಾರ್ನಿಸಿನ ಕೆಳಗಿನ ನೆರಳು

ಹೊನ್ನಾವರದ ಬಸ್ಸಿನಲ್ಲಿ ಮೀನುಬುಟ್ಟಿಯನ್ನು ಕಾಲ ಬಳಿ ಒತ್ತಿಕೊಂಡು ಕೂತಿದ್ದ ಬೆಳ್ಳಿಯ ಕಿವಿ, ಮುಂದಿನ ಸೀಟಿನ ಇಬ್ಬರು ಗಾರೆ ಕೆಲಸದವರ ಮಾತಿನ ಕಡೆಗೇ ಇತ್ತು.

“ಪೋರ್ಚುಗೀಸರ ಕಾಲದ ಇಗರ್ಜಿ, ಬೀರ ಭಾವ,” ಎಂದ ಕಿರಿಯವ. “ಗೋಡೆ ತಲೆಯಲ್ಲಿ ಹೊರಗೆ ಚಾಚಿದ ಕಾರ್ನಿಸು ಇದ್ಯಲ್ಲ, ಅದರ ಕಲ್ಲಲ್ಲಿ ಕೆತ್ತಿದ ಹೂವಿನ ಕೆಳಗೆ ಉದ್ದಕ್ಕೂ ಒಂದು ಗೀರು ಇತ್ತು. ಬಿರುಕು ಅಂದ್ಕಂಡು ಸಿಮೆಂಟು ತುಂಬಿಬಿಟ್ಟೆ.”

“ಅದು ಮಳೆನೀರು ಗೋಡೆಗೆ ಇಳೀದೆ ಹೊರಗೇ ತೊಟ್ಟಿಕ್ಕಲಿ ಅಂತ ಕೊರೆದದ್ದು ಮಾರಾಯ. ಈಗ ಎಂತ ಆತು?”

“ನೀರು ಒಳಗೆ ಹೋಗಿ ಕಲ್ಲು ಸಡಿಲಾಗಿದೆ. ಮೊನ್ನೆ ಒಂದು ಕಲ್ಲಿನ ಹೂವು ಕಳಚಿ ಕೆಳಗೆ ಬಿತ್ತು.”

“ಪಾದ್ರಿಗಳಿಗೆ ಹೇಳಿದ್ಯಾ?”

“ಹೇಳಿರೆ ಮತ್ತೆ ಕೆಲಸಕ್ಕೆ ಯಾರು ಕರೀತಾರೆ? ಹಿಂಬದಿ ಗೋಡೆ ಅದು, ಯಾರೂ ನಿಲ್ಲೂದಿಲ್ಲ.”

“ಯಾರೂ?”

“ನೆರಳಿಗೆ ಮೀನು ಮಾರೂ ಹೆಂಗಸರು ಕೂರ್ತಾರೆ, ಅಷ್ಟೇ.”

ಇಗರ್ಜಿ ಸ್ಟಾಪು ಬಂತು. ಇಬ್ಬರೂ ಇಳಿದು ಹೋದರು. ದಿನಾ ಅಲ್ಲೇ ಇಳಿಯುವ ಬೆಳ್ಳಿ ಇವತ್ತು ಬುಟ್ಟಿಯ ಮೇಲೆ ಕೈಯಿಟ್ಟು ಕೂತೇ ಇದ್ದಳು.