ಹೆಬ್ಬೆರಳಿಗೆ ಸಿಕ್ಕ ನಾಡಿ

ನಗೋದಾದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದುಹೋಗಿ ಮಲ್ಕೊಳ್ತೀನಿ, ಅಷ್ಟೇ.

ಇದು ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ಅದೇ, ನಮ್ಮ ಕಂಪೌಂಡರ್. ಓದಿ ಡಾಕ್ಟರ್ ಆದ್ರೂ ಮನೇಲಿ ಆ ಹೆಸರು ಹೋಗಿಲ್ಲ. ಹೋಗೋದಾದ್ರೂ ಹೇಗೆ? ನಾಡಿ ನೋಡೋಕೆ ಎಲ್ಲರೂ ಮೂರು ಬೆರಳಿಟ್ರೆ ಇವನು ಹೆಬ್ಬೆರಳಿಡ್ತಿದ್ದ. ಕಾಲೇಜಿನ ಮೇಷ್ಟ್ರು ಬೈದು ಬೈದು ಸುಸ್ತಾಗಿದ್ರು. ಗಾಬರಿಯಾದ್ರೆ ಸಾಕು, ಹೆಬ್ಬೆರಳೇ ಮುಂದೆ.

ಆಗ ರೆಸಿಡೆಂಟ್ ಡಾಕ್ಟರ್ ಕೆಲಸದ ಇಂಟರ್‌ವ್ಯೂಗೆ ಅಂತ ಊರೂರು ಅಲೀತಿದ್ದ. ಐದು ಆಸ್ಪತ್ರೇಲಿ ಇಲ್ಲ ಅಂದಿದ್ರು. ಇದು ಆರನೇದು, ಕೊನೇದು. ಇದೂ ತಪ್ಪಿದ್ರೆ ಇನ್ನೊಂದು ವರ್ಷ ಮನೇಲಿ ನೊಣ ಹೊಡೀಬೇಕು. ಪಾಪ, ನಿದ್ದೆಯಿಲ್ಲ, ಊಟ ಸೇರಲ್ಲ. ಸಾಲದ್ದಕ್ಕೆ ಚಿಕ್ಕಮ್ಮಂದು ಗಂಟೆಗೊಂದು ಫೋನು: "ಶರ್ಟು ಮುದುರಿಲ್ಲ ತಾನೇ?"

ಬಸ್ಸು ದಾರೀಲಿ ಕೆಟ್ಟು, ಇವನು ಇಳಿದಾಗ ರಾತ್ರಿ ಹನ್ನೆರಡೂವರೆ. ಬೆಳಿಗ್ಗೆ ಎಂಟಕ್ಕೆ ಇಂಟರ್‌ವ್ಯೂ. ಆಸ್ಪತ್ರೆಯ ಗೆಸ್ಟ್‌ಹೌಸಿಗೆ ನಡೆದೇ ಹೊರಟ. ಸೂಟ್‌ಕೇಸಿನ ಒಂದು ಚಕ್ರ ಮುರಿದಿತ್ತು. ಕರ್ರ್... ಟಕ್. ಕರ್ರ್... ಟಕ್. ಆಸ್ಪತ್ರೆಯ ಹಿಂದಿನ ಗೋಡೆ ಪಕ್ಕ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿ ಕೈ ಬದಲಾಯಿಸೋಕೆ ನಿಂತ. ಚಕ್ರದ ಸದ್ದು ನಿಂತಿತು... ಇನ್ನೊಂದು ಸದ್ದು ಕೇಳಿಸ್ತು.

ತೊಟ್... ತೊಟ್...

ಬಾವಿಕಟ್ಟೆ ಮೇಲೆ ಒಬ್ಬ ಹೆಂಗಸು. ಕೂದಲಿಂದ ನೀರು ತೊಟ್ಟಿಕ್ತಿತ್ತು.

"ಡಾಕ್ಟ್ರಾ?" ಅಂದ್ಲು, ಪಿಸುಮಾತಲ್ಲಿ.

"ಹೂಂ... ಏನಾಯ್ತಮ್ಮ? ಆಸ್ಪತ್ರೆ ಇಲ್ಲೇ ಇದೆ, ಬನ್ನಿ."

"ಅಲ್ಲಿಂದಾನೇ ಬಂದೆ. ಇಲ್ಲ ಅಂದುಬಿಟ್ರು. ನೀವೊಂದ್ಸಲ ನೋಡಿ."

ಕೈ ಚಾಚಿದ್ಲು. ಫ್ರಿಜ್ಜಿನಿಂದ ತೆಗೆದ ಬಾಟ್ಲಿ ಥರ ತಣ್ಣಗಿತ್ತಂತೆ. ಇವನಿಗೆ ಗಾಬರಿ, ಬೇಗ ಮುಗಿಸಿ ಮಲಗಬೇಕು, ಬೆಳಿಗ್ಗೆ ಏಳಬೇಕು... ಹಿಡಿದ, ನಾಡಿ ಎಣಿಸಿದ.

"ಇದೆಯಾ?"

"ಇದೆಯಲ್ಲಮ್ಮ. ತೊಂಬತ್ತಾರು. ಸ್ವಲ್ಪ ಜಾಸ್ತೀನೇ."

"ಇದೆ ಅಂದ್ರಲ್ಲ... ಸಾಕು. ಹಾಗಾದ್ರೆ ಮನೆಗೆ ಹೋಗ್ತೀನಿ."

ಎದ್ದು ನಡೆದುಬಿಟ್ಲು. ತೊಟ್... ತೊಟ್... ರಸ್ತೆ ತಿರುವಿನವರೆಗೂ ಕೇಳಿಸ್ತಿತ್ತು. ಹೆಜ್ಜೆ ಸದ್ದು ಮಾತ್ರ ಇಲ್ಲ. ಇವನೋ, ಬರಿಗಾಲಿರಬೇಕು ಅಂದ್ಕೊಂಡು ಹೋಗಿ ಮಲಗಿದ. ದಡ್ಡ!

ಬೆಳಿಗ್ಗೆ ಇಂಟರ್‌ವ್ಯೂ. ಮೇಜಿನ ಆಚೆ ಆಸ್ಪತ್ರೆಯ ದೊಡ್ಡ ಡಾಕ್ಟರು, ತಲೆ ಪೂರ್ತಿ ಬೆಳ್ಳಗೆ. ಏನೂ ಕೇಳದೆ ಕೈ ಮುಂದೆ ಚಾಚಿದ್ರು. "ನಾಡಿ ನೋಡು."

ಗಾಬರೀಲಿ ಮತ್ತೆ ಅದೇ ಹೆಬ್ಬೆರಳು.

"ಹೆಬ್ಬೆರಳಲ್ಲೂ ನಾಡಿ ಬಡಿಯುತ್ತೆ ಕಣಯ್ಯ. ಹಾಗೆ ಹಿಡಿದ್ರೆ ಯಾರ ನಾಡಿ ಎಣಿಸ್ತೀಯ?"

"ನಂದೇ ಸಾರ್..." ಅಂದ. ಅಂದವನು ಅಲ್ಲೇ ಬೆವತುಹೋದ. ಹಾಗಾದ್ರೆ ನಿನ್ನೆ ರಾತ್ರಿ ಎಣಿಸಿದ ತೊಂಬತ್ತಾರು?

ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. ಇವನಿಗೆ ತಡೀಲಿಲ್ಲ. "ಸಾರ್, ನಿನ್ನೆ ಬಾವಿ ಹತ್ರ ಒಬ್ಬರಿಗೆ... ಇಲ್ಲದ್ದನ್ನ ಇದೆ ಅಂದುಬಿಟ್ಟೆ ಸಾರ್. ಅವರು ಮನೆಗೆ ಹೋಗಿಬಿಟ್ರು."

ದೊಡ್ಡ ಡಾಕ್ಟರು ಚಾಚಿದ ಕೈ ಮೆಲ್ಲಗೆ ಹಿಂದೆ ತಗೊಂಡ್ರು. ತಮ್ಮ ಹೆಬ್ಬೆರಳನ್ನೇ ಒಮ್ಮೆ ನೋಡ್ಕೊಂಡ್ರು. "ಆಯ್ತು, ಹೋಗು" ಅಂದ್ರು.

ಆರನೇದೂ ಹೋಯ್ತು ಅಂತ ಆಚೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿ ಗೊಳೋ ಅಂತ ಅತ್ತ. ಸಾಯಂಕಾಲ ಪಟ್ಟಿ ಅಂಟಿಸಿದ್ರೆ ಮೊದಲ ಹೆಸರೇ ಇವಂದು!

ಸಿಕ್ತಲ್ಲ, ಮತ್ತೇನು ಅಂತೀರಾ? ಸೇರಿದ ದಿನ ಹಾಜರಿ ಮೆಷಿನ್ನಿಗೆ ಹೆಬ್ಬೆರಳು ಒತ್ತಿದ. ಟೀಂ... ಕೆಂಪು ದೀಪ. ಒರೆಸಿ ಒತ್ತಿದ. ಟೀಂ... ಬೇರೆ ಒಂಬತ್ತೂ ಬೆರಳು ತಗೊಳ್ತು, ಬಾವಿ ಹತ್ರ ಆ ಕೈ ಹಿಡಿದ ಹೆಬ್ಬೆರಳೊಂದು ಇಲ್ಲ. ಆಫೀಸಿನ ಗುಮಾಸ್ತೆ ಫೈಲಿಂದ ತಲೇನೂ ಎತ್ತದೆ, "ತೋರುಬೆರಳು ಒತ್ತಿ ಸಾರ್" ಅಂದ್ರಂತೆ. "ನಮ್ಮ ದೊಡ್ಡ ಡಾಕ್ಟರದ್ದೂ ಹಾಗೇ, ಹೆಬ್ಬೆರಳು ತಗೊಳಲ್ಲ."

ಕತೆ ಕಟ್ತಿಲ್ಲ ನಾನು, ಆಣೆಗೂ ನಿಜ. ಈಗಲೂ ಹೋಗಿ ನೋಡಿ. ದಿನಾ ಬೆಳಿಗ್ಗೆ ಇಬ್ಬರೂ ತೋರುಬೆರಳೇ ಒತ್ತೋದು.